ಸಂಜೆಯ ನೀರು

‘ಅಳಿಸಬೇಕೇ?’ ಎಂದು ಫೋನು ಕೇಳಿತು. ಎರಡನೆಯವಳು ಹಿಂದೆಮುಂದೆ ನೋಡದೆ ‘ಹೌದು’ ಒತ್ತಿದಳು. ಮನೆಯ ದೀಪ, ಪಂಪು ನಡೆಸುವ ಆ್ಯಪಿನಲ್ಲಿದ್ದ ‘ನನ್ನ ಸಂಜೆ’ ಎಂಬ ಏರ್ಪಾಡು ಮಾಯವಾಯಿತು.

ಅದು ಗಂಡನ ಮೊದಲ ಹೆಂಡತಿ ಮಾಡಿಟ್ಟು ಹೋದದ್ದು. ಹೊತ್ತು ಮುಳುಗುತ್ತಿದ್ದಂತೆ ಗೇಟಿನಿಂದ ಹಿಡಿದು ಒಂದೊಂದೇ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಕೊನೆಗೆ ಕಲ್ಲುತೊಟ್ಟಿಯಲ್ಲಿ ಕಾರಂಜಿ ಚಿಮ್ಮುತ್ತಿತ್ತು. ತೀರಿಕೊಂಡವಳ ಬಟ್ಟೆಬರೆ ಮನೆಯಿಂದ ಹೋಗಿತ್ತು, ಫೋಟೊ ಒಳಕೋಣೆ ಸೇರಿತ್ತು. ಇದೊಂದು ಮಾತ್ರ ದಿನಾ ಮನೆಯೊಡತಿಯ ಗತ್ತಿನಲ್ಲಿ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ನೀರಿನ ಸದ್ದು ಕೇಳಿದ್ದೇ ಗಂಡ ಲೋಟ ಕೆಳಗಿಟ್ಟು ಕಿಟಕಿಯ ಬಳಿ ಹೋಗುವನು. ಇವಳು ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುವುದು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ನೀರಿನ ಜೊತೆ ಎಂಥ ಜಗಳ?

ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟವನು ಗಂಡನೇ. “ಇನ್ಮೇಲೆ ಎಲ್ಲಾ ನೀನೇ ನೋಡ್ಕೋ. ಆ ಸಂಜೆದೊಂದು ಮಾತ್ರ ಮುಟ್ಬೇಡ” ಎಂದಿದ್ದ. ಯಾಕೆಂದು ಬಿಡಿಸಿ ಹೇಳುವ ಜಾಯಮಾನ ಅವನದಲ್ಲ. ಆ ‘ಮುಟ್ಬೇಡ’ ಎಂಬುದೇ ಅವಳಿಗೆ ಮುಳ್ಳಿನಂತೆ ಚುಚ್ಚಿದ್ದು.

ಮಗಳ ಮನೆಯಲ್ಲಿದ್ದ ಅತ್ತೆಯನ್ನು ಗಂಡ ಅವತ್ತು ಮಧ್ಯಾಹ್ನವಷ್ಟೇ ಕರೆತಂದಿದ್ದ. ಮದುವೆಯಾದ ಮೇಲೆ ಸೊಸೆ ಅವರನ್ನು ಕಾಣುತ್ತಿದ್ದುದು ಇದೇ ಮೊದಲು. ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು. ಅವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಅವನು ಔಷಧಿ ತರಲು ಹೋದ. ಕತ್ತಲಾಯಿತು. ಅಂಗಳದಲ್ಲಿ ಒಂದು ದೀಪವೂ ಹೊತ್ತಲಿಲ್ಲ, ಒಂದು ಹನಿಯೂ ಅಲುಗಲಿಲ್ಲ. ಎರಡನೆಯವಳ ಹೊಟ್ಟೆ ತಣ್ಣಗಾಯಿತು. ಗುನುಗಿಕೊಳ್ಳುತ್ತ ತಟ್ಟೆ ಹಾಕಿದಳು.

“ಅತ್ತೆ, ಊಟಕ್ಕೆ ಬನ್ನಿ.”

“ಇಷ್ಟು ಬೇಗ್ನಾ? ಇನ್ನೂ ಸಂಜೆನೇ ಆಗಿಲ್ವಲ್ಲಮ್ಮ.”

“ಅಯ್ಯೋ, ಆಗ್ಲೇ ಕತ್ತಲಾಗಿದೆ.”

ಅತ್ತೆ ಕಿಟಕಿಯತ್ತ ಕಿವಿ ತಿರುಗಿಸಿದರು. “ನೀರಿನ ಸದ್ದೇ ಬರ್ಲಿಲ್ವಲ್ಲ? ಕಣ್ಣು ಹೋದ ಹೊಸದ್ರಲ್ಲಿ ನಂಗೆ ಹಗಲು ರಾತ್ರಿ ಎಲ್ಲಾ ಒಂದೇ. ಎಲ್ರೂ ಮಲಗಿದ್ಮೇಲೆ ಎದ್ದು ಕಾಫಿ ಕೇಳ್ತಿದ್ದೆ, ಬೈಸ್ಕೊಳ್ತಿದ್ದೆ. ಅವಳು ಮಾತ್ರ ಬೈಲಿಲ್ಲ. ‘ನೀರು ಬಿದ್ರೆ ಸಂಜೆ ಅಂತ ತಿಳ್ಕೊಳ್ಳಿ ಅತ್ತೆ’ ಅಂತ ಇದನ್ನ ಮಾಡ್ಕೊಟ್ಳು. ಮಗಳ ಮನೇಲಿ ಇದ್ದಷ್ಟು ದಿನ ನಂಗೆ ಸಂಜೆನೇ ಆಗ್ಲಿಲ್ಲ ನೋಡು.”

ಎರಡನೆಯವಳಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಹೊಟ್ಟೆಯ ಉರಿ ಇನ್ನೊಂದು ಗೇಣು ಮೇಲೆದ್ದಿತು. ಗಂಡ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಇಷ್ಟೊಂದು ಒಳ್ಳೆಯವಳಾಗಿ ಸಾಯಬೇಕಿತ್ತೇ ಆ ಹೆಂಗಸು?

ಅಂಗಳಕ್ಕೆ ಓಡಿದಳು. ಅಳಿಸಿದ್ದನ್ನು ಮರಳಿ ತರುವ ದಾರಿ ಆ್ಯಪಿನಲ್ಲೆಲ್ಲೂ ಸಿಗಲಿಲ್ಲ. ಸರಿ, ತಾನೇ ಹೊಸದಾಗಿ ಮಾಡಬೇಕು. ಮೊದಲು ದೀಪಗಳೆಲ್ಲ ಒಟ್ಟಿಗೆ ಭಗ್ಗೆಂದು ಹೊತ್ತಿ ಕಣ್ಣು ಕುಕ್ಕಿದವು. ಆರಿಸಿ ಇನ್ನೊಮ್ಮೆ ಮಾಡಿದಳು. ಪಂಪು ಗೊರಗುಟ್ಟಿ ಸುಮ್ಮನಾಯಿತು. ಬೆವರು ಒರೆಸಿಕೊಂಡು, ಹಲ್ಲು ಕಚ್ಚಿ, ಗೇಟಿನ ದೀಪ, ಮೆಟ್ಟಿಲ ದೀಪ, ತೊಟ್ಟಿಯ ದೀಪ ಎಂದು ಒಂದೊಂದನ್ನೇ ಜೋಡಿಸಿದಳು. ‘ಅವಳ ಕೈಲಾದದ್ದು ನನ್ನ ಕೈಲಾಗದೇ?’ ಕೊನೆಗೂ ನೀರು ಮೇಲೆದ್ದು, ಬಾಗಿ, ಕಲ್ಲಿನ ಮೇಲೆ ಸುರಿಯಿತು.

ಕಿಟಕಿಯಲ್ಲಿ ಅತ್ತೆಯ ಮುಖ ಅರಳಿತು.

“ಬಂದ್ಯಾ, ಮಗಳೇ?”

ಕೇಳಿದ್ದು ಯಾರನ್ನೋ ತಿಳಿಯಲಿಲ್ಲ. ಎರಡನೆಯವಳು ಒಂದು ಗಳಿಗೆ ಕಾರಂಜಿಯನ್ನು ದುರುಗುಟ್ಟಿ ನೋಡಿದಳು. ಆಮೇಲೆ, ಇನ್ನೊಬ್ಬಳು ಎಲ್ಲಿ ಓಗೊಟ್ಟುಬಿಡುತ್ತಾಳೋ ಎಂಬಂತೆ, ಅವಸರದಿಂದ ಕೂಗಿದಳು: “ಬಂದೆ ಅತ್ತೆ!”