ಹೊರೆಗಲ್ಲು

‘ಅಲೀವಿಯೇಟ್’ ಎಂಬ ಕ್ರಿಯಾಪದ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹತ್ತಲಿಲ್ಲ. ಊರಿಗೆ ಹೊಸಬರಾದ ಇಂಗ್ಲಿಷ್ ಮೇಷ್ಟ್ರು ಚಿದಂಬರಯ್ಯ ತರಗತಿಯನ್ನೇ ರಸ್ತೆಬದಿಗೆ ಕರೆತಂದರು. ಅಲ್ಲಿ ದಾರಿಹೋಕರು ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳುವ ಎದೆಯೆತ್ತರದ ಕಲ್ಲಿತ್ತು.

“ಲ್ಯಾಟಿನ್ನಿನಲ್ಲಿ ಲೆವಿಸ್ ಅಂದ್ರೆ ಹಗುರ. ಈ ಪದ ಹುಟ್ಟಿದ್ದು ಅದರಿಂದ. ಕಷ್ಟ ಹಗುರ ಮಾಡೋದು ಅಂತ ಅರ್ಥ.”

ಅಷ್ಟರಲ್ಲಿ ಸೌದೆ ಹೊತ್ತ ಮುನಿಚೌಡಮ್ಮ ಏದುಸಿರು ಬಿಡುತ್ತಾ ಬಂದಳು. ಮೇಷ್ಟ್ರಿಗೆ ಖುಷಿಯಾಯಿತು.

“ಹೊರೆ ಕಲ್ಲಿನ ಮೇಲಿಡಮ್ಮ, ಮಕ್ಕಳು ನೋಡ್ಲಿ.”

“ಬ್ಯಾಡ ಸ್ವಾಮಿ.”

“ಯಾಕೆ? ಎಲ್ಲರೂ ಇಲ್ಲೇ ಇಳಿಸ್ತಾರಲ್ಲ?”

“ಇಳಿಸ್ಲಿ ಅಂತ್ಲೇ ನೆಡಿಸಿದ್ದು. ತುಂಬಿದ ಬಸುರಿ ಹೆರದೆ ಸತ್ರೆ ಅವಳ ಹೆಸರಲ್ಲಿ ಇಂಥ ಕಲ್ಲು ನಿಲ್ಲಿಸ್ತೀವಿ ಸ್ವಾಮಿ. ನನ್ನ ಮಗಳ ಮೇಲೆ ನಾನೆಂಗೆ ಹೊರೆ ಇಡ್ಲಿ?”