ಡೆಕ್ಕಿನ ಸಿಬ್ಬಂದಿ

ಅವನ ಗಾಜಿನ ಬೀರುವಿನಲ್ಲಿದ್ದದ್ದು ವಿಮಾನಗಳನ್ನು ಹೊತ್ತೊಯ್ಯುವ ಯುದ್ಧನೌಕೆಯ ಡೆಕ್ಕಿನ ಸಿಬ್ಬಂದಿ. ಎಲ್ಲರೂ ಬೆರಳುದ್ದದ ಆಳುಗಳು. ವಿಮಾನಕ್ಕೆ ಕೈಸನ್ನೆ ಮಾಡಿ ದಾರಿ ತೋರುವವರಿಗೆ ಹಳದಿ ಅಂಗಿ, ಇಂಧನ ತುಂಬುವವರಿಗೆ ನೇರಳೆ, ಬಾಂಬು ಕಟ್ಟುವವರಿಗೆ ಕೆಂಪು. ಅವನ್ನು ಯಾರಾದರೂ ಗೊಂಬೆ ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಎದುರಿನ ಗೋಡೆಗೆ ಹೆಂಡತಿ ಪ್ರತಿ ದಸರಾಕ್ಕೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಿದ್ದಳು. ಈ ಸಲ ಊರಿನ ಮಹಿಳಾ ಸಮಾಜದವರು ಗೊಂಬೆ ಸ್ಪರ್ಧೆ ಇಟ್ಟಿದ್ದರು. ಅವಳಿಗೆ ಊಟ ನಿದ್ದೆಯ ಮೇಲೆ ಗ್ಯಾನವಿರಲಿಲ್ಲ.

"ಮಕ್ಕಳು ಮದುವೆಗೆ ಬಂದ್ರೂ ಗೊಂಬೆ ಆಟ ಬಿಡಲ್ವಲ್ಲೇ ನೀನು," ಎಂದು ಅವನು ನಕ್ಕ.

"ನಿಮ್ಮ ಬೀರುನಲ್ಲಿರೋದು ಏನ್ರೀ ಮತ್ತೆ?"

"ಅದು ಸಂಗ್ರಹ ಕಣೇ. ನಿನಗೆಲ್ಲಿ ಅರ್ಥ ಆಗ್ಬೇಕು."

ಸಂಜೆ ತೀರ್ಪುಗಾರ್ತಿ ಬಂದರು. ಮೆಟ್ಟಿಲುಗಳನ್ನು ನಿಧಾನವಾಗಿ ನೋಡಿ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಬೀರುವಿನ ಮುಂದೆ ನಿಂತೇಬಿಟ್ಟರು.

"ಅಬ್ಬಾ, ಎಷ್ಟು ಚಂದದ ಗೊಂಬೆಗಳು!"

"ಗೊಂಬೆಗಳಲ್ಲ ಮೇಡಂ, ನೌಕಾಪಡೆಯ ಮಾದರಿಗಳು." ಅವನ ದನಿ ಗಡುಸಾಗಿತ್ತು.

"ಅಯ್ಯೋ ಹೌದಾ? ಮೆಟ್ಟಿಲ ಮೇಲೆ ಕೂತಿದ್ದಿದ್ರೆ ಮೊದಲನೇ ಬಹುಮಾನ ಇವಕ್ಕೇ ಕೊಡ್ತಿದ್ದೆ. ಹೋಗ್ಲಿ ಬಿಡಿ, ಈಗ ನಿಮ್ಮ ಮನೆಯವರಿಗೇ ಬರುತ್ತೆ."

ಹೆಂಡತಿ ಅವರಿಗೆ ಕೊಡಲು ಅರಿಸಿನ ಕುಂಕುಮ ತರಲೆಂದು ಸಂಭ್ರಮದಿಂದ ಒಳಗೆ ಓಡಿದಳು. ಹೊರಗೆ ಬಂದಾಗ ಗಂಡ ಮೇಲಿನ ಮೆಟ್ಟಿಲಿನಿಂದ ರಾಜ ರಾಣಿಯ ಪಟ್ಟದ ಗೊಂಬೆಗಳನ್ನು ಎತ್ತಿ ನೆಲಕ್ಕಿಡುತ್ತಿದ್ದ.

"ಒಂದೇ ನಿಮಿಷ ಮೇಡಂ," ಎನ್ನುತ್ತಿದ್ದ, "ನನ್ನ ಗೊಂಬೆಗಳು ಕೂತ್ಕೊಳ್ಳೋವರೆಗೂ ಏನೂ ಬರ್ಕೋಬೇಡಿ."