ಇಬ್ಬರೂ ಗೆದ್ದ ಆಟ

"ಗೆದ್ದೆ!" ಎಂದು ಅಕ್ಕ ಕುರ್ಚಿಯಿಂದ ಎದ್ದು ಕೂಗಿದಳು. ಅದೇ ಗಳಿಗೆಗೆ ಗೋಡೆಯಾಚೆಯ ಕೋಣೆಯಿಂದ ತಮ್ಮನೂ "ಗೆದ್ದೆ!" ಎಂದು ಕೂಗಿದ. ಒಬ್ಬರನ್ನೊಬ್ಬರು ಹಂಗಿಸಲು ಓಡಿಬಂದವರು ಬಾಗಿಲಲ್ಲಿ ಡಿಕ್ಕಿ ಹೊಡೆದುಕೊಂಡರು.

"ಕಣ್ಣು ತೊಳ್ಕೊಂಡು ಬಾ. ನನ್ನ ಕೊನೇ ಹೊಡೆತಕ್ಕೆ ಕೆಂಪು ಚೆಂಡು ಗುಂಡಿಗೆ ಬಿತ್ತು," ಎಂದಳು ಅಕ್ಕ.

"ಎಲ್ಲಿ ಬಿತ್ತು? ಗುಂಡಿ ಅಂಚಲ್ಲಿ ನಿಂತಿದೆ. ಸುಳ್ಳಿಗೂ ಒಂದು ಮಿತಿ ಬೇಕು."

ಅಕ್ಕ ಹೋಗಿ ನೋಡಿದಳು. ತಮ್ಮನ ಪರದೆಯಲ್ಲಿ ಚೆಂಡು ನಿಜಕ್ಕೂ ಅಂಚಿನಲ್ಲೇ ನಿಂತಿತ್ತು. ತಮ್ಮ ಬಂದು ನೋಡಿದ. ಅಕ್ಕನ ಪರದೆಯಲ್ಲಿ ಚೆಂಡೇ ಇರಲಿಲ್ಲ. ಇಬ್ಬರ ನಗುವೂ ಅಲ್ಲಿಗೇ ಇಂಗಿತು. ಅಕ್ಕ ಲೆಕ್ಕ ಬರೆದು, ತಮ್ಮ ಚಿತ್ರ ಬರೆದು, ವರ್ಷಗಟ್ಟಲೆ ಜಗಳವಾಡುತ್ತ ಕಟ್ಟಿದ ಬಿಲಿಯರ್ಡ್ಸ್ ಆಟವಿದು. ದೂರದೂರದ ಇಬ್ಬರು ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು ಎದುರುಬದುರಾಗಿ ಆಡಬೇಕು. ಅದನ್ನು ಕೊಳ್ಳಲು ಮನಸ್ಸು ಮಾಡಿದ್ದ ಕಂಪನಿಯ ಮೇಡಂ ಆಗಲೇ ಹೊರಟು ದಾರಿಯಲ್ಲಿದ್ದರು. ಸೋತವನಿಗೂ ಗೆದ್ದಂತೆ ತೋರಿಸುವ ಆಟವನ್ನು ಯಾರು ತಾನೇ ಕೊಳ್ಳುತ್ತಾರೆ?

"ನಾವು ಆ ಕಡೆಗೆ ಕಳ್ಸೋದು ಹೊಡೆತ ಮಾತ್ರ. ಎಷ್ಟು ಜೋರು, ಯಾವ ದಿಕ್ಕು, ಅಷ್ಟೇ," ತಮ್ಮ ತಲೆ ಕೆರೆದುಕೊಂಡ. "ಚೆಂಡು ಎಲ್ಲಿಗೆ ಹೋಗತ್ತೆ ಅನ್ನೋ ಲೆಕ್ಕಾನ ಆಯಾ ಮಶೀನೇ ಮಾಡ್ಕೊಳ್ಳತ್ತೆ. ಕೋಡ್ ಒಂದೇ ಅಂದ್ಮೇಲೆ ಉತ್ತರ ಎರಡು ಹೇಗೆ ಬಂತು?"

ಅಕ್ಕನ ಕಿವಿ ಬಿಸಿಯಾಯಿತು. "ಕೋಡ್ ಒಂದೇ ಕಣೋ. ಆದ್ರೆ ನನ್ನ ಪ್ರತೀನ ಕಂಪೈಲ್ ಮಾಡುವಾಗ ನಾನೊಂದು ಆಯ್ಕೆ ಹಾಕ್ಬಿಟ್ಟೆ, ವೇಗದ ಗಣಿತದ್ದು. ನನ್ನ ಮುದಿ ಮಶೀನು ತೆವಳ್ತಾ ಇತ್ತಲ್ಲ, ಅದಕ್ಕೆ. ನಿಂಗೆ ಹೇಳೋಕೆ ಮರೆತೇಹೋಯ್ತು."

ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿಕೊಡುವುದು ಕಂಪೈಲರ್. ಅದರ ಪಾಡಿಗೆ ಬಿಟ್ಟರೆ ಅಂಕಿಗಳನ್ನು ಬರೆದ ಕ್ರಮದಲ್ಲೇ ಕೂಡಿಸುತ್ತದೆ. 'ಬೇಗ ಮುಗಿಸು ಮಾರಾಯ, ದಶಾಂಶದ ಬಾಲದಲ್ಲಿ ಚೂರು ಹೆಚ್ಚುಕಡಿಮೆಯಾದರೂ ಪರವಾಗಿಲ್ಲ' ಎಂದು ಸಲಿಗೆ ಕೊಟ್ಟರೆ ತನಗೆ ಅನುಕೂಲವಾದ ಕ್ರಮದಲ್ಲಿ ಕೂಡಿಸುತ್ತದೆ.

"ಯಾವ್ದನ್ನ ಮೊದ್ಲು ಕೂಡಿದ್ರೂ ಮೊತ್ತ ಒಂದೇ ಅಲ್ವೇನೇ?"

"ಕಾಗದದ ಮೇಲೆ ಒಂದೇ. ಮಶೀನಲ್ಲಿ ಅಂಕಿಗೆ ಇರೋ ಜಾಗ ಇಷ್ಟೇ ಇಷ್ಟು. ಆನೆ ಮೇಲೆ ಇರುವೆಗಳನ್ನ ಒಂದೊಂದಾಗಿ ಹತ್ತಿಸಿ ತೂಗು, ಪ್ರತಿ ಸಲಾನೂ ಬರೀ ಆನೆ ತೂಕಾನೇ ತೋರ್ಸತ್ತೆ. ಎಲ್ಲಾ ಇರುವೆಗಳನ್ನ ಮೊದ್ಲೇ ಒಂದು ಚೀಲಕ್ಕೆ ತುಂಬಿ ಆನೆ ಮೇಲೆ ಹಾಕು, ಮುಳ್ಳು ಸರಿಯತ್ತೆ." ಹೇಳುತ್ತ ಹೇಳುತ್ತ ಅಕ್ಕನ ಮುಖ ಅರಳಿತು. "ಅಯ್ಯೋ, ಸಿಕ್ತು ಕಣೋ! ಚೆಂಡು ಸರಿದಿರೋದೂ ಒಂದು ಇರುವೆಯಷ್ಟೇ ದೂರ! ಸಿಕ್ತು!"

"ಆತುರಗಾರನಿಗೆ ಬುದ್ಧಿ ಮಟ್ಟ. ನಿನಗೆ ತಕ್ಕ ಕಂಪೈಲರ್," ಎಂದು ತಮ್ಮ ಅಣಕಿಸಿದರೂ ಅವನೂ ತುದಿಗಾಲಲ್ಲೇ ನಿಂತಿದ್ದ.

ಅಕ್ಕ ಆ ಆಯ್ಕೆಯನ್ನು ಕಿತ್ತುಹಾಕಿ ಆಟ ಓಡಿಸಿದಳು. ಲೆಕ್ಕವೇನೋ ಸರಿಯಾಯಿತು, ಆದರೆ ಅವಳ ಮುದಿ ಮಶೀನಿನಲ್ಲಿ ಚೆಂಡು ಉರುಳುವ ಬದಲು ಕಪ್ಪೆಯ ಹಾಗೆ ಕುಪ್ಪಳಿಸಿತು. ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು.

ಬಾಗಿಲು ತೆಗೆಯಲು ಹೊರಟಿದ್ದ ತಮ್ಮ ಅರ್ಧ ದಾರಿಯಲ್ಲೇ ತಿರುಗಿ ನಿಂತ. "ಅಕ್ಕಾ, ನಿನ್ನ ಚೆಂಡಿನ ಲೆಕ್ಕ ಬೇರೆ ಫೈಲು, ನನ್ನ ನೆರಳು ಬೆಳಕು ಬೇರೆ ಫೈಲು. ಆ ಆಯ್ಕೇನ ಎಲ್ಲದಕ್ಕೂ ಯಾಕೆ ಹಾಕ್ಬೇಕು? ನನ್ನದಕ್ಕೆ ಮಾತ್ರ ಹಾಕು. ನೆರಳು ಕೂದಲೆಳೆಯಷ್ಟು ಆಚೀಚೆ ಬಿದ್ರೆ ಯಾರು ಕೋರ್ಟಿಗೆ ಹೋಗ್ತಾರೆ?"

"ನನ್ನ ಬಂಗಾರ!" ಅಕ್ಕನ ಬೆರಳುಗಳು ಆಗಲೇ ಕೀಲಿಮಣೆಯ ಮೇಲೆ ಓಡುತ್ತಿದ್ದವು. "ಹೋಗು, ಮೇಡಂನ ಮಾತಲ್ಲಿ ಹಿಡ್ಕೊ. ಏನಾದ್ರೂ ಹೇಳು!"

ತಮ್ಮನಿಗೆ ಮಾತು ಹೊಸೆಯುವುದು ಎಲ್ಲಿ ಬರುತ್ತದೆ? ಚೀಲವನ್ನು ಹೆಗಲಿನಿಂದ ಇಳಿಸುವ ಮೊದಲೇ ಮೇಡಂ ಸೀದಾ ಕೋಣೆಯೊಳಗೆ ಬಂದು ಅಕ್ಕನ ಬೆನ್ನ ಹಿಂದೆ ನಿಂತರು. ಅಕ್ಕ ತಿರುಗಿ ನೋಡಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಚೆಂಡಿನ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟು, ನೆರಳು ಬೆಳಕಿಗೆ ಲಗಾಮು ಬಿಟ್ಟು, ಕಂಪೈಲ್ ಮಾಡಿದಳು. ತಮ್ಮ ತನ್ನ ಲ್ಯಾಪ್‌ಟಾಪನ್ನು ತಂದು ಪಕ್ಕದಲ್ಲಿಟ್ಟ. ಹೊಸ ಪ್ರತಿಯನ್ನು ಎರಡಕ್ಕೂ ಹಾಕಿ, ಜಗಳಕ್ಕೆ ಕಾರಣವಾದ ಅದೇ ಹೊಡೆತವನ್ನು ಮತ್ತೆ ಓಡಿಸಿದರು.

ಎರಡು ಪರದೆಗಳಲ್ಲೂ ಕೆಂಪು ಚೆಂಡು ಮೇಜಿನ ಅಂಚಿಗೆ ತಾಗಿ ತಿರುಗಿತು. ಎಲ್ಲೂ ಕುಪ್ಪಳಿಸದೆ ನುಣ್ಣಗೆ ಉರುಳಿತು. ಗುಂಡಿಯ ಬಾಯಿಗೆ ಬಂತು. ಚೆಂಡು ಮೆಲ್ಲಗೆ ತೂಗಿ ನಿಂತಿತು. ಇಲ್ಲೂ ನಿಂತಿತು, ಅಲ್ಲೂ ನಿಂತಿತು.

"ಸೋತೆ!" ಅಕ್ಕ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. "ಸೋತೆ ಕಣೋ! ಎರಡರಲ್ಲೂ ಸೋತೆ!" ತಮ್ಮನ ಕೈ ಹಿಡಿದು ಅವನನ್ನು ಗಿರಗಿರನೆ ತಿರುಗಿಸಿದಳು. ಖುಷಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಸೋತಿದ್ದಕ್ಕೆ ಇಷ್ಟು ಕುಣಿತಾನಾ?"

ಅಕ್ಕ ಏದುಸಿರು ಬಿಡುತ್ತ ತನ್ನ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. "ನೋಡಿ ಮೇಡಂ, ನಾನು ಸೋತೆ ಅಂತ ನನ್ನ ಮಶೀನೇ ಹೇಳ್ತಿದೆ!"